ದಾಲ್ ಮಿಲ್ ಅಂಗಳದಲ್ಲಿ ಬ್ರೇಕ್ ಕಲಿತದ್ದು

ಕಲಬುರಗಿಯಿಂದ ಕಮಲಾಪುರ ದಾಟಿ ಹುಮನಾಬಾದ್ ಕಡೆ ಹೋಗುವಾಗ ರಸ್ತೆ ಪಕ್ಕ ಒಂದು ದೊಡ್ಡ ಬೇವಿನ ಮರ ಇದೆ. ಎರಡು ವರ್ಷದ ಹಿಂದೆ, ಜನವರಿ ತಿಂಗಳು. ಬೀದರಿನಲ್ಲಿರುವ ಅವ್ವನನ್ನು ನೋಡಲು ಒಬ್ಬಳೇ ಹೊರಟಿದ್ದೆ. ಬೆಳಿಗ್ಗೆ ಎಂಟು ಗಂಟೆ. ರಸ್ತೆ ಖಾಲಿ. ಗಾಡಿ 80ರ ವೇಗದಲ್ಲಿತ್ತು. ಮರದಿಂದ ಸ್ವಲ್ಪ ಮುಂದೆ ಯಾರೋ ರಸ್ತೆ ಅಂಚಿಗೆ ತೊಗರಿ ಹರವಿದ್ದರು. ನಮ್ಮ ಕಡೆ ಇದು ಹೊಸದಲ್ಲ. ರಾಶಿ ಕಾಲಕ್ಕೆ ಹೋಗುವ ಬರುವ ಗಾಡಿಗಳ ಗಾಲಿಯೇ ಕಾಳು ಬಿಡಿಸುತ್ತವೆ. ಪಕ್ಕದಲ್ಲಿ ಒಟ್ಟಿದ್ದ ಕಟ್ಟಿಗೆಯ ಮರೆಯಿಂದ ಒಬ್ಬ ಅಜ್ಜ ಎರಡು ಎಮ್ಮೆ ಹೊಡೆದುಕೊಂಡು ರಸ್ತೆಗೆ ಬಂದ.

ನಾನು ಬ್ರೇಕ್ ಹಾಕಿದೆ. ಕಾಲ ಕೆಳಗೆ ಪೆಡಲ್ ಗಡಗಡ ನಡುಗಿತು. ಏನೋ ಮುರಿಯಿತು ಅಂತ ಅನ್ನಿಸಿ ಕಾಲು ಎತ್ತಿದೆ. ಮತ್ತೆ ಒತ್ತಿದೆ, ಮತ್ತೆ ಎತ್ತಿದೆ. ಎಮ್ಮೆ ಹತ್ತಿರ ಬಂತು. ಸ್ಟೇರಿಂಗ್ ಎಡಕ್ಕೆ ಎಳೆದೆ. ಮುಂದಿನ ಗಾಲಿ ತೊಗರಿ ಕಟ್ಟಿಗೆ ಮೇಲೆ ಹತ್ತಿ ಜಾರಿತು. ಗಾಡಿ ರಸ್ತೆ ಬಿಟ್ಟು ಎರೆ ಹೊಲಕ್ಕೆ ಇಳಿದು ನಿಂತಿತು. ಅಜ್ಜನಿಗೆ, ಎಮ್ಮೆಗಳಿಗೆ, ನನಗೆ, ಯಾರಿಗೂ ಏನೂ ಆಗಲಿಲ್ಲ. ಅಜ್ಜ ಓಡಿ ಬಂದು, ತನ್ನ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ನನಗೆ ಗಾಳಿ ಹಾಕಿದ. ಅವನ ಕೈ ನಡುಗುತ್ತಿತ್ತು. ಅದನ್ನು ನಾನು ಮರೆತಿಲ್ಲ.

ಮುಂದಿನ ಭಾನುವಾರ ನಮ್ಮ ಮನೆಯವರ ಜೊತೆ ಅದೇ ಜಾಗಕ್ಕೆ ಹೋದೆ. ಎಮ್ಮೆ ಕಣ್ಣಿಗೆ ಬಿದ್ದಾಗ ನಾನಿದ್ದ ಬೇವಿನ ಮರದಿಂದ ಎಮ್ಮೆ ನಿಂತಿದ್ದ ಜಾಗದವರೆಗೆ ಹೆಜ್ಜೆ ಹಾಕಿ ಅಳೆದೆವು. ಸುಮಾರು 70 ಮೀಟರ್. ಮನೆಗೆ ಬಂದು ಲೆಕ್ಕ ಹಾಕಿದೆ. ಒಣ ರಸ್ತೆ, ಸಾಧಾರಣ ಹಿಡಿತದ ಟೈರ್ ಅಂತ ಇಟ್ಟುಕೊಳ್ಳಿ. ತಾಸಿಗೆ 60 ಕಿಲೋಮೀಟರ್ ವೇಗದಲ್ಲಿ ಪೂರಾ ಬ್ರೇಕ್ ಒತ್ತಿದರೆ ಗಾಡಿ ನಿಲ್ಲಲು 20 ಮೀಟರ್ ಬೇಕು. 80ಕ್ಕೆ 36 ಮೀಟರ್. 100ಕ್ಕೆ 56 ಮೀಟರ್. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ನಾಲ್ಕು ಪಟ್ಟಾಗುತ್ತದೆ. ಇದರ ಮೇಲೆ, ಕಣ್ಣು ನೋಡಿ ಕಾಲು ಒತ್ತುವಷ್ಟರಲ್ಲಿ ಒಂದು ಸೆಕೆಂಡ್ ಹೋಗುತ್ತದೆ. 80ರಲ್ಲಿ ಆ ಒಂದು ಸೆಕೆಂಡಿಗೆ 22 ಮೀಟರ್. ಎರಡೂ ಕೂಡಿಸಿದರೆ 58. ನನಗೆ 70 ಇತ್ತು. ನೆಟ್ಟಗೆ, ರಸ್ತೆ ಮೇಲೆಯೇ, ಎಮ್ಮೆಗಿಂತ 12 ಮೀಟರ್ ಹಿಂದೆ ನಾನು ನಿಲ್ಲಬಹುದಿತ್ತು.

ಆ 12 ಮೀಟರ್ ನನ್ನನ್ನು ಬಹಳ ದಿನ ಕಾಡಿತು. ಗಾಡಿ ಪೋಲೊ ಜಿಟಿ. 1.2 ಲೀಟರ್ ಟರ್ಬೊ ಎಂಜಿನ್, 105 ಅಶ್ವಶಕ್ತಿ. ಹಳೆಯದನ್ನೇ ಕೊಂಡದ್ದು, ಆದರೆ ಆಸೆಪಟ್ಟು ಕೊಂಡದ್ದು. ಅದು ಎಷ್ಟು ಬೇಗ ಓಡುತ್ತದೆ ಅಂತ ಗೊತ್ತಿತ್ತು. ಎಷ್ಟು ಬೇಗ ನಿಲ್ಲುತ್ತದೆ ಅಂತ ಒಂದು ಸಲವೂ ನೋಡಿರಲಿಲ್ಲ. ಹದಿನಾರು ವರ್ಷ ಗಾಡಿ ಓಡಿಸಿದ ಮೇಲೂ ಬ್ರೇಕ್ ಪೆಡಲನ್ನು ಕೊನೆಯವರೆಗೆ ಒತ್ತಿದವಳಲ್ಲ. ನೀವು ಒತ್ತಿದ್ದೀರಾ? ಲೈಸೆನ್ಸ್ ತೆಗೆಯುವಾಗ ಎಂಟು ಹಾಕಿಸುತ್ತಾರೆ, ಹಿಂದಕ್ಕೆ ಹೋಗು ಅನ್ನುತ್ತಾರೆ. ಗಾಬರಿಯಲ್ಲಿ ನಿಲ್ಲಿಸು ಅಂತ ನನಗೆ ಯಾರೂ ಹೇಳಲಿಲ್ಲ.

ಯಾರೂ ಕಲಿಸಲಿಲ್ಲ ಅಂದರೆ ಅದು ಪೂರ್ತಿ ನಿಜ ಅಲ್ಲ. ಅಪ್ಪ ಕಲಿಸಿದ್ದರು. ಅಪ್ಪ ಬೀದರಿನಲ್ಲಿ ಸರ್ಕಾರಿ ಜೀಪಿನ ಡ್ರೈವರ್ ಆಗಿದ್ದರು. ಕೋಟೆ ಹಿಂದಿನ ಬಯಲಿನಲ್ಲಿ ನನಗೆ ಗಾಡಿ ಕಲಿಸುವಾಗ ಒಂದೇ ಮಾತು ಹೇಳುತ್ತಿದ್ದರು: "ಒಮ್ಮೆಲೇ ತುಳಿಬ್ಯಾಡವ್ವಾ. ಬಿಟ್ಟು ಬಿಟ್ಟು ತುಳಿ." ಅವರ ಕಾಲದ ಜೀಪಿಗೆ ಅದು ಸರಿಯಾದ ಮಾತು. ಜೋರಾಗಿ ಒತ್ತಿದರೆ ಗಾಲಿ ಲಾಕ್ ಆಗುತ್ತಿತ್ತು. ಉರುಳದ ಗಾಲಿ ಸ್ಟೇರಿಂಗ್ ಮಾತು ಕೇಳೋದಿಲ್ಲ. ಗಾಡಿ ಎತ್ತ ಹೋಗುತ್ತಿತ್ತೋ ಅತ್ತಲೇ ಜಾರುತ್ತಾ ಹೋಗುತ್ತದೆ. ಅದಕ್ಕೇ ಬಿಟ್ಟು ಬಿಟ್ಟು ತುಳಿಯಬೇಕು. 1978ರಲ್ಲಿ ಬಾಷ್ ಕಂಪನಿ ಮರ್ಸಿಡಿಸ್‌ನ ಎಸ್-ಕ್ಲಾಸ್ ಗಾಡಿಗೆ ಎಬಿಎಸ್, ಅಂದರೆ ಗಾಲಿ ಲಾಕ್ ಆಗದಂತೆ ತಡೆಯುವ ಬ್ರೇಕ್ ವ್ಯವಸ್ಥೆ, ಅಳವಡಿಸಿ ಕೊಟ್ಟಾಗ, ಆ ಬಿಡುವ ತುಳಿಯುವ ಕೆಲಸವನ್ನು ಯಂತ್ರವೇ ತೆಗೆದುಕೊಂಡಿತು. ಒಂದು ಸೆಕೆಂಡಿನಲ್ಲಿ ಎಷ್ಟೋ ಸಲ ಅದೇ ಬಿಡುತ್ತದೆ, ಅದೇ ಹಿಡಿಯುತ್ತದೆ. ಪೆಡಲ್ ನಡುಗುವುದು ಅದಕ್ಕೇ. ಅದು ಮುರಿದ ಸದ್ದಲ್ಲ, ದುಡಿಯುವ ಸದ್ದು. ಬೇವಿನ ಮರದ ಹತ್ತಿರ ನನ್ನ ಕಾಲು ಅಪ್ಪನ ಮಾತು ಕೇಳಿತು. ಗಾಡಿ ಮಾತ್ರ ಅಪ್ಪನ ಗಾಡಿಯಾಗಿರಲಿಲ್ಲ.

ಬೀದರಿನಲ್ಲಿ ಬೆಳೆದವರಿಗೆ ತಲೆ ಮೇಲಿನ ವಿಮಾನದ ಸದ್ದು ಹೊಸದಲ್ಲ. ಅಲ್ಲಿನ ವಾಯುಪಡೆ ನೆಲೆಯಲ್ಲಿ ವಿಮಾನ ಕಸರತ್ತು ತೋರಿಸುವ ಸೂರ್ಯಕಿರಣ ತಂಡ 1996ರಲ್ಲಿ ಶುರುವಾಯಿತು. 2008ರಿಂದ ಹಾಕ್ ವಿಮಾನಗಳಲ್ಲಿ ಎಳೆಯ ಪೈಲಟ್‌ಗಳನ್ನು ಯುದ್ಧವಿಮಾನಕ್ಕೆ ತಯಾರು ಮಾಡುತ್ತಾರೆ. ಎರಡು ಸೀಟು. ಮುಂದೆ ಕಲಿಯುವವನು, ಹಿಂದೆ ಗುರು. ಪೈಲಟ್ ಆಗುವವನಿಗೆ ತರಬೇತಿಯಲ್ಲಿ ವಿಮಾನವನ್ನು ಬೇಕಂತಲೇ ಸ್ಟಾಲ್ ಮಾಡಿಸುತ್ತಾರೆ. ಅಂದರೆ ರೆಕ್ಕೆ ಗಾಳಿಯ ಹಿಡಿತ ಕಳೆದುಕೊಳ್ಳುವ ಹಂತಕ್ಕೆ ಒಯ್ದು, ಅಲ್ಲಿಂದ ಹೇಗೆ ಹೊರಬರಬೇಕು ಅಂತ ಕಲಿಸುತ್ತಾರೆ. ನಿಜವಾಗಿ ಆದಾಗ ಕೈ ಹೆದರಬಾರದು ಅಂತ. ಅವ್ವನ ಮನೆ ಮಾಳಿಗೆ ಮೇಲೆ ನಿಂತು ಇದನ್ನು ಯೋಚಿಸಿದೆ. ರಸ್ತೆ ಮೇಲೆ ಓಡುವ ನಮಗೆ ಯಾಕೆ ಹಾಗೆ ಕಲಿಸುವುದಿಲ್ಲ?

ಕಲಿಸುವವರು ಇದ್ದಾರೆ, ದೂರ ಇದ್ದಾರೆ. ಕಲಬುರಗಿ ಮುಂಬೈ–ಚೆನ್ನೈ ರೈಲು ಮಾರ್ಗದ ಮೇಲೆಯೇ ಇದೆ ಅಲ್ವಾ, ರಾತ್ರಿ ರೈಲು ಹತ್ತಿದೆ. ಚೆನ್ನೈ ಹೊರಗೆ ಇರುಂಗಾಟ್ಟುಕೊಟ್ಟೈನಲ್ಲಿ 3.7 ಕಿಲೋಮೀಟರ್ ಉದ್ದದ ರೇಸ್ ಟ್ರ್ಯಾಕ್ ಇದೆ. ಅದು ಬರುವ ಮುಂಚೆ ಆ ಊರಿನವರು ಶೋಳವರಂನ ಹಳೆಯ ವಿಮಾನ ಪಟ್ಟಿ ಮೇಲೆ ರೇಸ್ ಓಡಿಸುತ್ತಿದ್ದರಂತೆ. ನಾನು ಸೇರಿದ್ದು ರೇಸಿಗಲ್ಲ, ಗಾಡಿ ಓಡಿಸುವ ತರಬೇತಿಗೆ. ಗಾಡಿ ಅವರದೇ. ಎಡ ಸೀಟಿನಲ್ಲಿ ಗುರು.

ಬೆಳಗಿನ ಹೊತ್ತು ಟ್ರ್ಯಾಕಿಗೇ ಬಿಡಲಿಲ್ಲ. ಪಕ್ಕದ ಬಯಲಿನಲ್ಲಿ ಎರಡು ಕೋನ್ ಇಟ್ಟರು. 60ರಲ್ಲಿ ಬಾ, ಕೋನ್ ಹತ್ತಿರ ಬ್ರೇಕನ್ನು ಪೆಡಲ್ ಮುರಿಯುವ ಹಾಗೆ ಒತ್ತು, ಗಾಡಿ ನಿಲ್ಲುವವರೆಗೆ ಬಿಡಬೇಡ. ಇಷ್ಟೇ ಪಾಠ. ಮೊದಲ ಸಲ ಪೆಡಲ್ ನಡುಗಿದ ಕೂಡಲೇ ಕಾಲು ತಾನಾಗಿ ಮೇಲೆ ಬಂತು. ಎರಡನೇ ಸಲವೂ ಅಷ್ಟೇ. ಮೂರನೇ ಸಲ ಹಲ್ಲು ಕಚ್ಚಿ ಹಿಡಿದೆ. ಗಾಡಿ ನಿಂತಾಗ ನನ್ನ ಕಣ್ಣು ಒದ್ದೆಯಾಗಿತ್ತು. ಗುರು ಏನೂ ಕೇಳಲಿಲ್ಲ. ಇನ್ನೊಂದು ಸಲ ಅಂದರು. ಆ ಬೆಳಿಗ್ಗೆ ಹದಿನೆಂಟು ಸಲ ನಿಲ್ಲಿಸಿದೆ. ಆಮೇಲೆ ಬ್ರೇಕ್ ಒತ್ತಿ ಹಿಡಿದೇ ಸ್ಟೇರಿಂಗ್ ತಿರುಗಿಸಿ ಕೋನ್ ಪಕ್ಕದಿಂದ ದಾಟುವುದು. ಎಬಿಎಸ್ ಇರುವುದೇ ಇದಕ್ಕೆ. ನಿಲ್ಲಿಸುತ್ತಲೇ ತಿರುಗಿಸಬಹುದು.

ಇಲ್ಲಿ ಎರಡು ಮಾತು ಹೇಳಲೇಬೇಕು. ಇವು ನನಗೆ ಪುಸ್ತಕದಿಂದ ಬಂದವಲ್ಲ, ಮೈಗೆ ಬಂದವು.

ನಾಲ್ಕು ಟೈರ್‌ಗಳೂ ನೆಲಕ್ಕೆ ತಾಗುವುದು ಒಂದೊಂದು ಅಂಗೈ ಅಗಲ ಜಾಗದಲ್ಲಿ ಮಾತ್ರ. ಗಾಡಿಯ ಹಿಡಿತ ಎಲ್ಲ ಅಷ್ಟರಲ್ಲೇ. ಅದನ್ನು ಒಂದು ರೊಟ್ಟಿ ಅಂದುಕೊಳ್ಳಿ. ಬ್ರೇಕ್ ಪೂರಾ ರೊಟ್ಟಿ ತಿಂದರೆ ತಿರುವಿಗೆ ಏನೂ ಉಳಿಯೋದಿಲ್ಲ. ತಿರುವಿನಲ್ಲಿ ಅರ್ಧ ಹೋದರೆ ಬ್ರೇಕಿಗೆ ಮಿಕ್ಕದ್ದಷ್ಟೇ. ಅದಕ್ಕೇ ತಿರುವಿಗೆ ಮುಂಚೆ ನೆಟ್ಟಗಿನ ರಸ್ತೆಯಲ್ಲೇ ವೇಗ ಇಳಿಸಬೇಕು, ತಿರುವು ಬಿಚ್ಚುತ್ತಾ ಹೋದ ಹಾಗೆ ಆಕ್ಸಿಲರೇಟರ್ ಕೊಡಬೇಕು. ಇನ್ನು ಭಾರ. ಬ್ರೇಕ್ ಒತ್ತಿದರೆ ಗಾಡಿ ಭಾರ ಮುಂದಕ್ಕೆ ಬೀಳುತ್ತದೆ, ಹಿಂದಿನ ಗಾಲಿ ಹಗುರಾಗುತ್ತದೆ. ಎತ್ತಿನ ಗಾಡಿ ಹೇರಿದವರಿಗೆ ಇದು ಗೊತ್ತು. ಭಾರ ಹಿಂದಾದರೆ ಮೂಕಿ ಮೇಲೆ ಏಳುತ್ತದೆ, ಮುಂದಾದರೆ ಎತ್ತಿನ ಹೆಗಲು ಇಳಿಯುತ್ತದೆ. ತಿರುವಿನ ನಡುವೆ ಗಾಬರಿಯಿಂದ ಒಮ್ಮೆಲೇ ಕಾಲು ಎತ್ತಿದರೂ ಭಾರ ಮುಂದೆ ಬಂದು, ಹಗುರಾದ ಹಿಂದಿನ ಗಾಲಿ ಜಾರಬಹುದು.

ಎರಡನೆಯದು ಕಣ್ಣು. ಗುರು ಇಡೀ ದಿನ ಹೇಳಿದ್ದು ಇದೊಂದೇ. ಗಾಡಿ ನೀವು ನೋಡಿದ ಕಡೆ ಹೋಗುತ್ತದೆ. ಕೋನ್ ನೋಡಿದರೆ ಕೋನಿಗೇ ಬಡಿಯುತ್ತೀರಿ. ಖಾಲಿ ಜಾಗ ನೋಡಿ. ಒಂದು ಕೋನ್ ದಾಟುವಾಗ ಕಣ್ಣು ಅದರ ಮುಂದಿನ ಮುಂದಿನ ಕೋನಿನ ಮೇಲೆ ಇರಬೇಕು. ಕೇಳಲು ಸುಲಭ. ಮಾಡುವಾಗ ಕುತ್ತಿಗೆ ತಿರುಗುವುದೇ ಇಲ್ಲ. ಬೇವಿನ ಮರದ ಹತ್ತಿರ ನಾನು ಕೊನೆಯವರೆಗೂ ಎಮ್ಮೆಯ ಕೊಂಬನ್ನೇ ನೋಡುತ್ತಿದ್ದೆ. ಕೊಂಬಿನ ಆಕಾರ ಈಗಲೂ ಬರೆದು ತೋರಿಸಬಲ್ಲೆ. ಪಕ್ಕದಲ್ಲಿ ಬಲಕ್ಕೆ ರಸ್ತೆ ಖಾಲಿ ಇತ್ತೋ ಇಲ್ಲವೋ, ನೆನಪೇ ಇಲ್ಲ.

ಮಧ್ಯಾಹ್ನ ಟ್ರ್ಯಾಕಿಗೆ ಬಿಟ್ಟರು. ಗಡಿಯಾರ ಇಲ್ಲ, ಯಾರು ಮೊದಲು ಅನ್ನುವ ಲೆಕ್ಕ ಇಲ್ಲ. ತಿರುವಿನಲ್ಲಿ ಹಿಂದಿಕ್ಕುವ ಹಾಗಿಲ್ಲ. ನೆಟ್ಟಗಿನ ಕಡೆ ಮಾತ್ರ, ಅದೂ ಮುಂದಿನವರು ಕೈ ಹೊರಗೆ ಹಾಕಿ ಹೋಗಿ ಅಂತ ತೋರಿಸಿದರೆ. ಹಳದಿ ಬಾವುಟ ಕಂಡರೆ ನಿಧಾನ. ಅಲ್ಲಿ ಇದ್ದವರಲ್ಲಿ ನನ್ನ ಪೋಲೊಗಿಂತ ನಾಲ್ಕು ಪಟ್ಟು ದುಬಾರಿ ಗಾಡಿ ಇಟ್ಟುಕೊಂಡವರೂ ಇದ್ದರು. ಎಲ್ಲರೂ ಕೈ ತೋರಿಸುತ್ತಿದ್ದರು. ನಮ್ಮ ರಿಂಗ್ ರೋಡಿನಲ್ಲಿ ಅಂಥ ಒಂದು ಕೈ ಕಂಡರೆ ಎಷ್ಟು ಚೆಂದ ಅನ್ನಿಸಿತು.

ವಾಪಸು ಬಂದ ಮೇಲೆ ಭಯ ಶುರುವಾಯಿತು. ಕಲಿತದ್ದನ್ನು ಮಾಡದಿದ್ದರೆ ಕಾಲು ಮರೆಯುತ್ತದೆ. ಆರು ತಿಂಗಳಿಗೊಮ್ಮೆ ಚೆನ್ನೈಗೆ ಹೋಗಲು ಆಗುತ್ತದಾ? ರಸ್ತೆ ಮೇಲೆ ಮಾಡುವಂತಿಲ್ಲ. ಅದು ತಪ್ಪು, ಅಷ್ಟೇ. ಅನುಮತಿ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸ್ ಅಥವಾ ವೇಗದ ಪರೀಕ್ಷೆ ಮಾಡಿದರೆ ಮೋಟಾರು ವಾಹನ ಕಾಯ್ದೆಯ ಕಲಂ 189ರ ಪ್ರಕಾರ ಶಿಕ್ಷೆ ಇದೆ. 2019ರ ತಿದ್ದುಪಡಿಯ ಮೇಲೆ ಮೊದಲ ಸಲಕ್ಕೇ 5,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಕಾಯ್ದೆ ಬಿಡಿ, ಆ ಅಜ್ಜನ ನಡುಗುವ ಕೈ ಸಾಕು.

ಆಗ ನೆನಪಾದದ್ದು ಕಾಕಾನ ಅಂಗಳ. ನಮ್ಮ ಮನೆಯವರ ಕಾಕಾ ಅವರದು ಕಲಬುರಗಿ ಹೊರಗೆ ಒಂದು ಹಳೆಯ ದಾಲ್ ಮಿಲ್. ತೊಗರಿಗೆ ಎಣ್ಣೆ ಸವರಿ ಬಿಸಿಲಿಗೆ ಹರವಲು ದೊಡ್ಡ ಅಂಗಳ, ಉದ್ದಕ್ಕೂ ಶಹಾಬಾದ್ ಪರಸಿ. ಈಗ ಡ್ರೈಯರ್ ಮಷಿನ್ ಬಂದಿದೆ, ಮಳೆಗಾಲದಲ್ಲಿ ಅಂಗಳ ಖಾಲಿ ಬಿದ್ದಿರುತ್ತದೆ. 75 ಮೀಟರ್ ಉದ್ದ, 45 ಮೀಟರ್ ಅಗಲ. ಮಳೆ ಬಿದ್ದರೆ ಆ ಕಲ್ಲು ನುಣ್ಣಗೆ ಜಾರುತ್ತದೆ. ಬೇರೆಯವರಿಗೆ ಅದು ತೊಂದರೆ. ನನಗೆ ಅದೇ ಬೇಕಿತ್ತು. ಒಣ ಡಾಂಬರಿನ ಮೇಲೆ ಗಾಡಿ ಜಾರಲು ಎಷ್ಟು ವೇಗ ಬೇಕೋ, ಒದ್ದೆ ಪರಸಿ ಮೇಲೆ ಅದಕ್ಕಿಂತ ಬಹಳ ಕಡಿಮೆಗೇ ಜಾರುತ್ತದೆ. ಅಂದರೆ 30–35ರಲ್ಲೇ ಎಲ್ಲ ಪಾಠ ಆಗುತ್ತದೆ.

ಕಾಕಾ ನನ್ನ ಮಾತು ಪೂರಾ ಕೇಳಿದರು. "ಗಾಡಿ ನಿಲ್ಲಸೋದು ಕಲಿಲಾಕ ಮದ್ರಾಸಿಗಿ ಹೋಗಿದ್ದೇನವ್ವಾ?" ಅಂದರು. ಹೌದ್ರಿ ಕಾಕಾ ಅಂದೆ. ಸ್ವಲ್ಪ ಹೊತ್ತು ಸುಮ್ನೆ ಕೂತರು. ಅವರ ಮಿಲ್ಲಿನ ಒಬ್ಬ ಲಾರಿ ಡ್ರೈವರ್ ಬಹಳ ಹಿಂದೆ ಜೇವರ್ಗಿ ರಸ್ತೆಯಲ್ಲಿ ತೀರಿಕೊಂಡಿದ್ದ. ಆಮೇಲೆ ಗೇಟಿನ ಕೀಲಿ ತೆಗೆದು ನನ್ನ ಕೈಗೆ ಇಟ್ಟರು.

ಹೀಗೆ ನಮ್ಮ ಭಾನುವಾರಗಳು ಶುರುವಾದವು. ನಾವು ಮಾಡುವುದು ಆಟೋಕ್ರಾಸ್‌ನ ಚಿಕ್ಕ ರೂಪ. ಅಮೆರಿಕದಲ್ಲಿ 1944ರಿಂದ ಇರುವ ಎಸ್‌ಸಿಸಿಎ ಎಂಬ ಕ್ಲಬ್ಬಿನವರು ಇದನ್ನು ಸೋಲೊ ಅಂತ ಕರೆದು ದೊಡ್ಡ ಪಾರ್ಕಿಂಗ್ ಬಯಲುಗಳಲ್ಲಿ ನಡೆಸುತ್ತಾರೆ. ಕೋನ್‌ಗಳಿಂದ ದಾರಿ ಮಾಡುತ್ತಾರೆ. ಒಂದು ಸಲಕ್ಕೆ ಒಂದೇ ಗಾಡಿ, ಎದುರಿಗೆ ಗಡಿಯಾರ ಮಾತ್ರ. ಒಂದು ಕೋನ್ ಬಿದ್ದರೆ ಸಮಯಕ್ಕೆ 2 ಸೆಕೆಂಡ್ ಕೂಡುತ್ತದೆ. ದಾರಿ ತಪ್ಪಿದರೆ ಆ ಓಟ ಲೆಕ್ಕಕ್ಕಿಲ್ಲ. ನಮ್ಮ ದೇಶದಲ್ಲಿ ಮೋಟಾರು ಕ್ರೀಡೆಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಅಡಿ ನಡೆಯುವ ಆಟೋಕ್ರಾಸ್ ಹೆಚ್ಚಾಗಿ ಮಣ್ಣಿನ ಮೇಲೆ. ನಮ್ಮದು ಸ್ಪರ್ಧೆ ಅಲ್ಲ, ಹಣ ಇಲ್ಲ, ಬಹುಮಾನ ಇಲ್ಲ. ನಮ್ಮಂಥವರ ಸಾಮಾನ್ಯ ವಿಮೆ ಸ್ಪರ್ಧೆಗೆ, ವೇಗದ ಪರೀಕ್ಷೆಗೆ ಅನ್ವಯಿಸುವುದಿಲ್ಲ. ಪಾಲಿಸಿಯಲ್ಲೇ ಬರೆದಿರುತ್ತಾರೆ, ಒಮ್ಮೆ ಓದಿ ನೋಡಿ. ಏನಾದರೂ ಆದರೆ ಅವರವರ ಕೈಯಿಂದಲೇ ಅಂತ ಮೊದಲೇ ಎಲ್ಲರಿಗೂ ಹೇಳಿರುತ್ತೇನೆ.

ಗೋಡೆಯಿಂದ ಹತ್ತು ಮೀಟರ್ ಸುತ್ತಲೂ ಖಾಲಿ ಬಿಡುತ್ತೇವೆ. 15 ಮೀಟರಿಗೆ ಒಂದರಂತೆ ಕೆಲವು ಕೋನ್, ಅವುಗಳ ನಡುವೆ ಹಾವಿನ ಹಾಗೆ ಸುಳಿದು ಹೋಗಬೇಕು. ಕೊನೆಗೆ ತಿರುಗಿ ಬಂದು ಒಂದು ಚೌಕದೊಳಗೆ ಪೂರಾ ಬ್ರೇಕಿನಿಂದ ನಿಲ್ಲಬೇಕು. ತಲೆಗೆ ಹೆಲ್ಮೆಟ್. ಗಾಡಿಯೊಳಗಿನ ನೀರಿನ ಬಾಟಲಿ, ಚಪ್ಪಲಿ, ಮೊಬೈಲು ಎಲ್ಲ ಹೊರಗೆ. ಬಾಟಲಿ ಉರುಳಿ ಬ್ರೇಕ್ ಪೆಡಲ್ ಕೆಳಗೆ ಹೋದರೆ ಕಥೆ ಮುಗಿಯಿತು. ಟೈರಿನ ಹವಾ ಅಳೆಯುತ್ತೇವೆ. ಮಕ್ಕಳಿಗೆ ಗೇಟಿನೊಳಗೆ ಪ್ರವೇಶ ಇಲ್ಲ. ಗಾಡಿ ಹತ್ತುವ ಮುಂಚೆ ಎಲ್ಲರೂ ದಾರಿಯನ್ನು ಕಾಲ್ನಡಿಗೆಯಲ್ಲಿ ಎರಡು ಸುತ್ತು ಹಾಕುತ್ತೇವೆ. ಈ ನಡಿಗೆ ನನಗೆ ಬಹಳ ಇಷ್ಟ. ಕೊಡೆ ಹಿಡಿದು, ಒಬ್ಬೊಬ್ಬರೂ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಾ ನಡೆಯುತ್ತಾರೆ.

ಮೂರನೇ ಭಾನುವಾರ ಒಬ್ಬ ಹುಡುಗ ಮಸ್ಟಾಂಗ್ ತಂದ. ಐದು ಲೀಟರ್, ಎಂಟು ಸಿಲಿಂಡರ್, 400ರ ಹತ್ತಿರ ಅಶ್ವಶಕ್ತಿ. ರಾತ್ರಿ ಹೊತ್ತು ಆ ಗಾಡಿಯ ಸದ್ದು ನಮ್ಮ ಓಣಿಗೂ ಕೇಳಿಸಿದ್ದುಂಟು. ಹುಡುಗ ಒಳ್ಳೆಯವನು, ಅಕ್ಕಾ ಅಕ್ಕಾ ಅಂತ ಮಾತಾಡಿಸಿದ. ಮೊದಲ ಸುತ್ತಿನಲ್ಲೇ, ತಿರುವಿನಿಂದ ಹೊರಬರುತ್ತಾ ಸ್ವಲ್ಪ ಜಾಸ್ತಿ ಆಕ್ಸಿಲರೇಟರ್ ಕೊಟ್ಟ. ಹಿಂದಿನ ಗಾಲಿಗಳು ಜಾರಿ ಗಾಡಿ ಅರ್ಧ ಸುತ್ತು ತಿರುಗಿ ನಿಂತಿತು. ವೇಗ 30 ಕೂಡ ಇರಲಿಲ್ಲ. ಅವನು ಇಳಿಯಲೇ ಇಲ್ಲ. ಗಾಜು ಇಳಿಸಿ, "ಅಕ್ಕಾ, ಇದು 120ರಲ್ಲಿ ಆಗಿದ್ರ?" ಅಂತ ಕೇಳಿದ. ಉತ್ತರ ಅವನಿಗೇ ಗೊತ್ತಿತ್ತು. ಆ ದಿನ ಸಂಜೆವರೆಗೆ ಇದ್ದ. ನನ್ನ ಪೋಲೊ ಆ ಕೋನ್‌ಗಳ ನಡುವೆ ಅವನ ಗಾಡಿಗಿಂತ ಮೂರು ಸೆಕೆಂಡ್ ಬೇಗ ಬಂತು. ಅರ್ಧ ಟನ್ನಿಗೂ ಹೆಚ್ಚು ಹಗುರ ಅದು, ಚಿಕ್ಕದು ಕೂಡ. ಇಕ್ಕಟ್ಟಿನ ಜಾಗದಲ್ಲಿ ಶಕ್ತಿಗಿಂತ ಹಗುರ ಗಾಡಿಯೇ ಮೇಲು. ಅವನು ಈಗ ಪ್ರತಿ ಸಲ ಬರುತ್ತಾನೆ. ಕೋನ್ ಎತ್ತಿಡುವ ಕೆಲಸ ಅವನೇ ಮೈಮೇಲೆ ಹಾಕಿಕೊಂಡಿದ್ದಾನೆ.

ಬ್ರೇಕ್ ಆಯಿಲ್ ಬಗ್ಗೆ ಒಂದು ಮಾತು. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಗುಳ್ಳೆ ಬಂದು ಪೆಡಲ್ ಮೆತ್ತಗಾಗಿ ನೆಲಕ್ಕೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ನಮ್ಮ ಊರಿನ ಬಿಸಿಲಿಗೆ ಇದು ದೊಡ್ಡ ಖರ್ಚಲ್ಲ.

ಆಗಸ್ಟ್‌ನಲ್ಲಿ ಒಂದು ದಿನ ಕಾಕಾ ತಮ್ಮ ಹಳೆಯ ಮಾರುತಿ 800 ತಂದರು. ಅದರಲ್ಲಿ ಎಬಿಎಸ್ ಇಲ್ಲ. ನಾನು ಅದನ್ನು ಓಡಿಸಿ, 30ರಲ್ಲಿ ಪೂರಾ ಬ್ರೇಕ್ ಒತ್ತಿ ಸ್ಟೇರಿಂಗ್ ತಿರುಗಿಸಿದೆ. ಮುಂದಿನ ಗಾಲಿ ಎಡಕ್ಕೆ ತಿರುಗಿದ್ದವು, ಗಾಡಿ ಮಾತ್ರ ನೆಟ್ಟಗೆ ಜಾರಿ ಹೋಗಿ ಕೋನ್ ಕೆಡವಿತು. ಆಮೇಲೆ ಕಾಕಾ ಕೂತರು. ವಯಸ್ಸು ಎಪ್ಪತ್ತೆರಡು. ಕಾಲು ಬಿಟ್ಟು ತುಳಿದು, ಬಿಟ್ಟು ತುಳಿದು, ಅದೇ ಒದ್ದೆ ಕಲ್ಲಿನ ಮೇಲೆ ಗಾಡಿಯನ್ನು ಕೋನ್ ಪಕ್ಕದಿಂದ ಒಯ್ದು ಚೌಕದೊಳಗೆ ನಿಲ್ಲಿಸಿದರು. ಒಂದು ಕೋನೂ ಬೀಳಲಿಲ್ಲ. ಅಪ್ಪ ಕಲಿಸಿದ್ದು ಇದೇ. ಹೀಗೆ ಸರಿಯಾಗಿ ಮಾಡಿದ್ದನ್ನು ನಾನು ನೋಡಿದ್ದು ಅಪ್ಪ ತೀರಿದ ಮೇಲೆ ಮೊದಲ ಸಲ. ಚಪ್ಪಾಳೆ ತಟ್ಟಲು ಕೈ ಏಳಲಿಲ್ಲ.

ಕಾಕಾ ಪೋಲೊದಲ್ಲೂ ಕೂತರು. ನಡುಗುವ ಪೆಡಲನ್ನು ಎರಡನೇ ಸಲಕ್ಕೇ ಗಟ್ಟಿ ಹಿಡಿದರು. ಇಳಿದು ಬಂದು, ಮಿಲ್ಲಿನ ಪಿಕಪ್ ಓಡಿಸುವ ಹುಡುಗನನ್ನು ಕೂಗಿದರು. ದಿನಾ ಸೇಡಂವರೆಗೆ ಮಾಲು ಹೊಡೆಯುವವನು. ಇಷ್ಟು ದಿನ ಗೋಡೆಗೆ ಒರಗಿ ನಮ್ಮನ್ನು ನೋಡುತ್ತಾ ನಿಂತಿರುತ್ತಿದ್ದ. "ನಿಮ್ಮ ಆಟದ ಗಾಡಿ ಇರಲಿ ಯವ್ವಾ, ಇವ್ಗ ಕಲಸು" ಅಂದರು.

ಮಳೆ ನಿಂತಿತ್ತು. ಪಿಕಪ್‌ನಲ್ಲಿ ಬೇಳೆಯ ಹತ್ತು ಚೀಲ ಇದ್ದವು. ಇಳಿಸೋಣವೇ ಅಂತ ಕೇಳಿದ. ಬೇಡ, ದಿನಾ ಹೇಗೆ ಹೋಗುತ್ತೀಯೋ ಹಾಗೇ ಇರಲಿ, 20ರಲ್ಲಿ ಮಾತ್ರ ಬಾ ಅಂದೆ. ಬಂದ. ಒತ್ತಿದ. ಗಾಡಿ ಚೌಕ ದಾಟಿ ಎರಡು ಗಾಡಿ ಉದ್ದ ಮುಂದೆ ಹೋಗಿ ನಿಂತಿತು. ಹಿಂದೆ ದಪ್ ಅಂತ ಸದ್ದು. ಅವನು ಇಳಿದು ಹಿಂದಕ್ಕೆ ಹೋಗಿ ನೋಡಿದ. ಹತ್ತೂ ಚೀಲ ಒಂದು ಅಡಿ ಸರಿದು ಕ್ಯಾಬಿನ್ನಿಗೆ ಬಡಿದು ನಿಂತಿದ್ದವು. ಬಹಳ ಹೊತ್ತು ಅವುಗಳನ್ನೇ ನೋಡಿದ. ಆಮೇಲೆ ಮಿಲ್ಲಿನೊಳಗೆ ಹೋಗಿ ಹಗ್ಗ ತಂದು, ಒಂದು ಕಾಲು ಗಾಲಿ ಮೇಲೆ ಊರಿ, ಬಿಗಿಯತೊಡಗಿದ.